ಗುರುಗಳು ಶಿಷ್ಯರಾದ ಬೇಸಗೆ

ಕಾಲೇಜಿನ ಅಧ್ಯಾಪಕರ ಬೇಸಗೆ ಹೇಗೆ ಕಳೆಯುವುದೆಂಬುದು ಅವರ ಮನೆಯವರಿಗೆಲ್ಲ ಚೆನ್ನಾಗಿ ಗೊತ್ತು. ಉತ್ತರಪತ್ರಿಕೆಗಳ ಕಟ್ಟು, ನಂಟರ ಮನೆಯ ಮದುವೆ, ಊರದೇವರ ಜಾತ್ರೆ, ಮಧ್ಯಾಹ್ನದ ಒಂದು ಸುಖನಿದ್ರೆ. ಇಷ್ಟರಲ್ಲಿ ರಜವು ಮುಗಿದುಹೋಗುವುದು. 2020ರ ಬೇಸಗೆಯಲ್ಲಿ ಇವುಗಳಲ್ಲಿ ಒಂದೂ ಸರಿಯಾಗಿ ನಡೆಯಲಿಲ್ಲ, ನಿದ್ರೆಯೂ ಅಷ್ಟಕ್ಕಷ್ಟೆ. ಆ ವರ್ಷ ಮಾರ್ಚ್ 14ರಿಂದ ಕರ್ನಾಟಕದ ಕಾಲೇಜುಗಳು ಬಾಗಿಲು ಮುಚ್ಚಿದವು. ಸರ್ಕಾರ ಆಗ ಹೇಳಿದ್ದು ಒಂದು ವಾರವೆಂದು. ಆ ವಾರ ಕಳೆದ ಕೆಲವೇ ದಿನಗಳಲ್ಲಿ, ಮಾರ್ಚ್ 25ರಿಂದ, ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಪದವಿ ಕಾಲೇಜುಗಳ ಗಂಟೆ ಮತ್ತೆ ಬಾರಿಸಿದ್ದು ನವೆಂಬರ್ 17ರಂದು. ವಾರವೆಂದು ಹೊರಟದ್ದು ಎಂಟು ತಿಂಗಳಾಯಿತು.

ಹಾಸನ ಜಿಲ್ಲೆಯ ಅರಕಲಗೂಡಿನ ಕಡೆಯ ಒಬ್ಬ ಕನ್ನಡ ಅಧ್ಯಾಪಕರನ್ನು ವಾಚಕರು ಮನಸ್ಸಿಗೆ ತಂದುಕೊಳ್ಳಲಿ. ಅವರಿಗೆ ಹೆಸರು ಬೇಡ. ಹಾಸನ, ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲಿ ಅಂಥವರು ಹಲವರಿದ್ದರು. ಹದಿನೈದು ವರ್ಷಗಳ ಅನುಭವ. ಹಳಗನ್ನಡದ ಒಂದು ಪದ್ಯವನ್ನು ಕೈಗೆತ್ತಿಕೊಂಡರೆ ಕಡೆಯ ಬೆಂಚಿನವನೂ ತೂಕಡಿಸದಂತೆ ಓದಬಲ್ಲವರು. ಅವರ ಸಲಕರಣೆಗಳೆಂದರೆ ಒಂದು ಸೀಮೆಸುಣ್ಣ, ಒಂದು ಪುಸ್ತಕ ಮತ್ತು ಒಂದು ಕಂಠ. ಇಂಥವರ ಕೈಫೋನಿಗೆ ಏಪ್ರಿಲ್ ತಿಂಗಳಿನಲ್ಲಿ ಹೊಸಬಗೆಯ ಆಹ್ವಾನಪತ್ರಿಕೆಗಳು ಬರತೊಡಗಿದವು. ದೂರದಿಂದ ಪಾಠ ಹೇಳುವುದಕ್ಕೆ ಅಧ್ಯಾಪಕರನ್ನು ಸಿದ್ಧಗೊಳಿಸುವ ಆನ್‌ಲೈನ್ ಸಮ್ಮೇಳನ, ಮನೆಯಿಂದಲೇ ಭಾಗವಹಿಸಬಹುದು, ಪ್ರವೇಶ ಉಚಿತ, ಕೊನೆಯಲ್ಲಿ ಪ್ರಮಾಣಪತ್ರವುಂಟು. ಮದುವೆಯ ಕರೆಯೋಲೆಗಳು ನಿಂತುಹೋಗಿದ್ದ ಆ ತಿಂಗಳಿನಲ್ಲಿ ಬಂದ ಕರೆಯೋಲೆಗಳು ಇವೇ.

ಕರೆದವರು ಒಬ್ಬಿಬ್ಬರಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ ಅಟಲ್ ಅಕಾಡೆಮಿ ಉಚಿತವಾಗಿ ಅಂಥ ತರಬೇತಿಗಳನ್ನು ನಡೆಸಿತು. ಐ.ಐ.ಟಿ.ಗಳು, ವಿಶ್ವವಿದ್ಯಾನಿಲಯಗಳು, ಊರೂರಿನ ಕಾಲೇಜುಗಳು ಹಿಂದೆ ಬೀಳಲಿಲ್ಲ. ಕಡಲಾಚೆಯವರೂ ಹೀಗೆಯೇ ಕೂಡಿ ಕುಳಿತರು; ಏಕೆಂದರೆ ಈ ತೊಂದರೆ ಒಂದು ದೇಶದ್ದಾಗಿರಲಿಲ್ಲ. ಜೂಮ್ ಎಂಬ ಸಾಧನದ ಮೂಲಕ 2019ರ ಡಿಸೆಂಬರಿನಲ್ಲಿ ದಿನವೊಂದಕ್ಕೆ ಸಭೆ ಸೇರುತ್ತಿದ್ದವರು ಹೆಚ್ಚೆಂದರೆ ಒಂದು ಕೋಟಿ. 2020ರ ಮಾರ್ಚಿನಲ್ಲಿ ಆ ಸಂಖ್ಯೆ ಇಪ್ಪತ್ತು ಕೋಟಿಯನ್ನು ಮುಟ್ಟಿತು. ನಮ್ಮವರು ಅದರ ಗುಂಡಿಗಳನ್ನು ಒತ್ತುವುದನ್ನು ಕಲಿಯುವಷ್ಟರಲ್ಲಿ, ಅದು ಸುರಕ್ಷಿತವಾದ ಸಾಧನವಲ್ಲವೆಂದು ಏಪ್ರಿಲ್ 16ರಂದು ಕೇಂದ್ರದ ಗೃಹ ಮಂತ್ರಾಲಯವೇ ಎಚ್ಚರಿಕೆ ಕೊಟ್ಟಿತು! ಕಲಿತದ್ದನ್ನು ಮರೆತು ಮತ್ತೊಂದನ್ನು ಕಲಿಯುವ ಪ್ರಸಂಗ ಅಲ್ಲಿಂದಲೇ ಆರಂಭವಾಯಿತು. ಏಪ್ರಿಲ್ 29ರಂದು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಪಠ್ಯದ ಕಾಲು ಭಾಗವನ್ನು ಅಂತರಜಾಲದ ಮೂಲಕ, ಉಳಿದ ಮುಕ್ಕಾಲನ್ನು ಎದುರುಬದುರಾಗಿ ಕಲಿಸಲು ಸಿದ್ಧರಾಗಿರಬೇಕೆಂದು ಸೂಚಿಸಿತು. ಇನ್ನು ಸಂದೇಹಕ್ಕೆ ಎಡೆಯಿರಲಿಲ್ಲ. ಗುರುಗಳು ಶಿಷ್ಯರಾಗಲೇಬೇಕಾಯಿತು.

ಆ ಸಮ್ಮೇಳನಗಳ ಸೊಗಸನ್ನು ಕಂಡವರೇ ಬಲ್ಲರು. ವಿದ್ವಾಂಸರೊಬ್ಬರು ಹತ್ತು ನಿಮಿಷ ಭಾವಪರವಶರಾಗಿ ಮಾತನಾಡುವರು. ಧ್ವನಿಯ ಗುಂಡಿಯನ್ನು ತೆರೆದಿಲ್ಲವೆಂದು ಅವರಿಗೆ ತಿಳಿಸುವುದಕ್ಕೆ ಮುನ್ನೂರು ಮಂದಿ ಏಕಕಾಲದಲ್ಲಿ ಯತ್ನಿಸುವರು. ಇನ್ನೊಬ್ಬರ ಧ್ವನಿ ತೆರೆದೇ ಇರುವುದು. ಅವರ ಮನೆಯ ಕುಕ್ಕರಿನ ಶಿಳ್ಳೆ, ಬೀದಿಯ ತರಕಾರಿಯವನ ಕೂಗು, ಮೊಮ್ಮಗನ ರೋದನ ಎಲ್ಲವೂ ರಾಷ್ಟ್ರಮಟ್ಟದ ಗೋಷ್ಠಿಗೆ ಸಲ್ಲುವುವು. 'ಕೇಳಿಸುತ್ತಿದೆಯೆ?' ಎಂಬುದೇ ಆ ವರ್ಷದ ಅತ್ಯಂತ ಗಹನವಾದ ಶೈಕ್ಷಣಿಕ ಪ್ರಶ್ನೆಯಾಯಿತು. ತರಗತಿಯಲ್ಲಿ ಕಡೆಯ ಬೆಂಚಿನವರನ್ನು ಗದರಿಸುತ್ತಿದ್ದ ಮಹನೀಯರು ಈಗ ತಾವೇ ಕಡೆಯ ಬೆಂಚಿನಲ್ಲಿ ಕುಳಿತರು. ಕ್ಯಾಮೆರವನ್ನು ಮುಚ್ಚಿ, ಹೆಸರನ್ನು ಮಾತ್ರ ಪರದೆಯ ಮೇಲೆ ಬಿಟ್ಟು, ಅಡುಗೆಮನೆಗೆ ಹೋಗಿ ಕಾಫಿ ಕುಡಿದು ಬಂದರು. ಕೊನೆಗೆ ಹತ್ತು ಪ್ರಶ್ನೆಗಳ ಒಂದು ಸಣ್ಣ ಪರೀಕ್ಷೆ, ಅದರ ಹಿಂದೆಯೇ ಬಣ್ಣದ ಅಂಚಿನ ಪ್ರಮಾಣಪತ್ರ. ಬಡ್ತಿಯ ಕಡತಕ್ಕೆ ತರಬೇತಿಯ ದಾಖಲೆ ಬೇಕಾಗುವ ಕಾಲದಲ್ಲಿ ಪ್ರಮಾಣಪತ್ರಗಳನ್ನು ಸಂಗ್ರಹಿಸುವವರನ್ನು ನೋಡಿ ನಗುವುದು ಸುಲಭ. ಆದರೆ ನಕ್ಕು ಸುಮ್ಮನಾಗುವುದು ನ್ಯಾಯವಲ್ಲ. ಐವತ್ತು ದಾಟಿದವರು, ಕಂಪ್ಯೂಟರನ್ನು ಮುಟ್ಟಲು ಅಂಜುತ್ತಿದ್ದವರು, ತಮ್ಮ ಮಕ್ಕಳ ಕೈಯಲ್ಲಿ ಪಾಠ ಹೇಳಿಸಿಕೊಂಡು ಕಲಿತರೆಂಬುದು ಸಣ್ಣ ಮಾತಲ್ಲ. ಶಿಷ್ಯತ್ವದ ಅವಮಾನವನ್ನು ಮತ್ತೊಮ್ಮೆ ಅನುಭವಿಸುವುದು ಗುರುವಿಗೆ ಒಳ್ಳೆಯದೇ ಸರಿ.

ಅರಕಲಗೂಡಿನ ಅಧ್ಯಾಪಕರಿಗೆ ಈ ಗದ್ದಲದ ನಡುವೆ ಮೂರು ವಿಷಯಗಳು ಮನಸ್ಸಿಗೆ ನಾಟಿದವು. ಮೊದಲನೆಯದು ವೇಳೆಯ ಲೆಕ್ಕ. ಅಮೆರಿಕದ ಚಾರ್ಲ್ಸ್ ಹಾಜಸ್ ಮತ್ತು ಅವರ ಸಂಗಡಿಗರು 2020ರ ಮಾರ್ಚ್ ಕೊನೆಯಲ್ಲಿ ಪ್ರಕಟಿಸಿದ ಲೇಖನವೊಂದು ಆಗ ಎಲ್ಲೆಡೆ ಚರ್ಚೆಗೆ ಬಂದಿತು. ಅಂತರಜಾಲದ ಮೂಲಕವೇ ನಡೆಯುವ ಒಂದು ಪಠ್ಯಕ್ರಮವನ್ನು ಚೆನ್ನಾಗಿ ಸಿದ್ಧಪಡಿಸಲು ಸಾಮಾನ್ಯವಾಗಿ ಆರರಿಂದ ಒಂಬತ್ತು ತಿಂಗಳು ಬೇಕು. ಈಗ ನಡೆಯುತ್ತಿರುವುದು ಅದಲ್ಲ, ಇದು ತುರ್ತಿನ ದೂರಬೋಧನೆ ಮಾತ್ರ ಎಂದು ಅವರು ವಿವರಿಸಿದರು. ಮನೆಗೆ ಬೆಂಕಿ ಬಿದ್ದಾಗ ಹೊರಗೆ ಹಾಕಿದ ಚಪ್ಪರವನ್ನು ಹೊಸ ಮನೆಯೆಂದು ಕರೆಯಲಾಗದು. ಚಪ್ಪರ ಸೋರಿತೆಂದು ಹೊಸ ಮನೆ ಕಟ್ಟುವ ವಿದ್ಯೆಯೇ ಸುಳ್ಳೆನ್ನುವುದೂ ಸಲ್ಲದು. ಎರಡನೆಯದು ಭಾರದ ಲೆಕ್ಕ. ಮುಖ ಕಾಣಿಸುವ ನೇರ ಪಾಠ ಸ್ಪಷ್ಟವಾಗಿರಬೇಕಾದರೆ ಗಂಟೆಗೆ ಹೆಚ್ಚುಕಡಿಮೆ ಒಂದು ಜಿ.ಬಿ.ಯಷ್ಟು ಡೇಟಾ ಖರ್ಚಾಗಬಲ್ಲುದು. ಸಾಮಾನ್ಯ ಕುಟುಂಬದ ಫೋನಿಗೆ ದಿನಕ್ಕೆ ದೊರೆಯುತ್ತಿದ್ದುದು ಒಂದೂವರೆ ಜಿ.ಬಿ. ದಿನಕ್ಕೆ ಐದು ಪಾಠಗಳಾದರೆ ಲೆಕ್ಕವೇ ಕೂಡುವುದಿಲ್ಲ. ಮೂರನೆಯದು ಮೌನದ ಲೆಕ್ಕ. ಪರದೆಯ ಮೇಲೆ ಕಾಣುವ ಹೆಸರುಗಳ ಹಿಂದೆ ಯಾರಿದ್ದಾರೆ, ಯಾರಿಲ್ಲ ಎಂಬುದು ಹೇಳುವವನಿಗೆ ತಿಳಿಯುವುದಿಲ್ಲ. ತಾವೇ ಕಾಫಿ ಕುಡಿಯಲು ಎದ್ದು ಹೋಗಿದ್ದ ಅಧ್ಯಾಪಕರಿಗೆ ಈ ಮೂರನೆಯ ಪಾಠ ಚೆನ್ನಾಗಿಯೇ ಅರ್ಥವಾಗಿರಬೇಕು.

ದೂರದಿಂದ ಕಲಿಸುವ ಹಂಬಲ ನಮ್ಮ ನಾಡಿಗೆ ಹೊಸತೇನೂ ಅಲ್ಲ. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಬಾನುಲಿ ನಿಲಯವನ್ನು ಸ್ಥಾಪಿಸಿದರು. 'ಆಕಾಶವಾಣಿ' ಎಂಬ ಹೆಸರು ಆ ನಿಲಯದ್ದೇ. ತರಗತಿಯ ಗೋಡೆಗಳಿಂದಾಚೆಗೆ ವಿದ್ಯೆಯನ್ನು ಮುಟ್ಟಿಸಬೇಕೆಂದು ಒಬ್ಬ ಕಾಲೇಜು ಅಧ್ಯಾಪಕ ಪಟ್ಟ ಪ್ರಯಾಸವದು. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ರುದ್ರಪಟ್ಟಣವು ಸಂಗೀತಗಾರರ ಊರೆಂದೇ ಪ್ರಸಿದ್ಧ. ಅಲ್ಲಿ 1920ರಲ್ಲಿ ಹುಟ್ಟಿದ ವಿದ್ವಾನ್ ಆರ್. ಕೆ. ಶ್ರೀಕಂಠನ್ ಅವರು ಆಕಾಶವಾಣಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿ, ಬಾನುಲಿಯ ಮೂಲಕವೇ ಸಂಗೀತದ ಪಾಠ ಹೇಳಿದರು. ಅವರ ಮುಖವನ್ನು ಕಾಣದೆ, ಕಿವಿಯೊಂದನ್ನೇ ನಂಬಿ ಕಲಿತವರು ಅಂದಿನ ಮನೆಗಳಲ್ಲಿದ್ದರು. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲಿ ಅಂಚೆ ತೆರಪಿನ ಶಿಕ್ಷಣವನ್ನು ಆರಂಭಿಸಿತು. ಅದೇ ಬೆಳೆದು 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ಉಪಗ್ರಹ ದೂರದರ್ಶನ ಪ್ರಯೋಗದಲ್ಲಿ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆಗಲೇ ರಜೆಯ ದಿನಗಳಲ್ಲಿ ಸಾವಿರಾರು ಪ್ರಾಥಮಿಕ ಶಿಕ್ಷಕರನ್ನು ದೂರದರ್ಶನದ ಮುಂದೆ ಕೂರಿಸಿ ವಿಜ್ಞಾನ ಬೋಧನೆಯ ತರಬೇತಿಯನ್ನು ಆಕಾಶದಿಂದ ಇಳಿಸಿದರು. 2020ರ ಸಮ್ಮೇಳನಗಳಿಗೆ ಅದೇ ಹಿರಿಯಣ್ಣನೆನ್ನಬೇಕು.

ಹಾಸನ ಜಿಲ್ಲೆಗೆ ಈ ಕಥೆಯಲ್ಲಿ ಇನ್ನೂ ಹತ್ತಿರದ ಪಾಲುಂಟು. ಹಾಸನದ ಸಾಲಗಾಮೆ ರಸ್ತೆಯಲ್ಲಿ ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಮುಖ್ಯ ನಿಯಂತ್ರಣ ಕೇಂದ್ರವಿದೆ, 1982ರಲ್ಲಿ ಸ್ಥಾಪಿತವಾದದ್ದು. ಶಿಕ್ಷಣಕ್ಕೆಂದೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಶ್ರೀಹರಿಕೋಟದಿಂದ ಮೇಲೇರಿದಾಗ ಅದನ್ನು ಅದರ ನೆಲೆಗೆ ಮುಟ್ಟಿಸಿದ ಆಜ್ಞೆಗಳು ಹೊರಟದ್ದು ಇಲ್ಲಿಂದಲೇ. ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದ ಯಂತ್ರವೊಂದು ಹಾಸನದ ಮಾತನ್ನು ಕೇಳಿತು. ಆದರೆ ಅದೇ ಜಿಲ್ಲೆಯ ಮಲ್ಲಿಪಟ್ಟಣದ ಕಡೆಯ ಹುಡುಗಿಯೊಬ್ಬಳಿಗೆ ಅರಕಲಗೂಡಿನ ಅಧ್ಯಾಪಕರ ಮಾತು ಕೇಳಿಸಬೇಕಲ್ಲ! ಪ್ರಶ್ನೆ ಇದ್ದುದು ಅಲ್ಲಿ.

ಮಲ್ಲಿಪಟ್ಟಣವು ಅರಕಲಗೂಡು ತಾಲ್ಲೂಕಿನ ಹೋಬಳಿ ಕೇಂದ್ರ. ಈ ಸೀಮೆಯಲ್ಲಿ ಮುಂಗಾರಿಗೆ ಆಲೂಗೆಡ್ಡೆ, ಹೊಗೆಸೊಪ್ಪು, ಜೋಳ, ಶುಂಠಿ ನೆಲಕ್ಕೆ ಬೀಳುತ್ತವೆ. ಕಾಲೇಜಿಗೆ ಬೀಗ ಬಿದ್ದೊಡನೆ ಮನೆಗೆ ಮರಳಿದ ಮಕ್ಕಳು ಪುಸ್ತಕದ ಚೀಲವನ್ನು ಗೂಟಕ್ಕೆ ತೂಗುಹಾಕಿ ಹೊಲಕ್ಕಿಳಿದರು. ಮನೆಗೆ ಒಂದು ಫೋನಿದ್ದರೆ ಅದು ತಂದೆಯ ಜೇಬಿನಲ್ಲಿರುವುದು. ಎರಡನೆಯದಿದ್ದರೆ ಅಣ್ಣನ ಕೈಯಲ್ಲಿ. ಹೆಣ್ಣುಮಗಳ ಸರದಿ ಬರುವಾಗ ರಾತ್ರಿಯ ಊಟವಾಗಿ, ಪಾತ್ರೆ ತೊಳೆದಾಗಿರುವುದು. ಇದನ್ನು ಉತ್ಪ್ರೇಕ್ಷೆಯೆಂದು ತಿಳಿಯಬೇಕಾಗಿಲ್ಲ. 2017–18ರ ರಾಷ್ಟ್ರೀಯ ಮಾದರಿ ಸಮೀಕ್ಷೆಯ ಪ್ರಕಾರ, ದೇಶದ ಹಳ್ಳಿಮನೆಗಳಲ್ಲಿ ಕಂಪ್ಯೂಟರ್ ಇದ್ದದ್ದು ನೂರಕ್ಕೆ 4.4ರಲ್ಲಿ, ಅಂತರಜಾಲದ ಸೌಕರ್ಯವಿದ್ದದ್ದು 14.9ರಲ್ಲಿ. ಪಟ್ಟಣದ ಮನೆಗಳಲ್ಲಿ ಇದೇ ಲೆಕ್ಕ 23.4 ಮತ್ತು 42. ಸಮ್ಮೇಳನಗಳಲ್ಲಿ ಮಾತನಾಡಿದವರಲ್ಲಿ ಹಲವರು ಈ ನಲವತ್ತೆರಡರ ಕಡೆಯಿಂದ ಮಾತನಾಡಿದರು. ಪಾಠ ಮುಟ್ಟಬೇಕಾಗಿದ್ದುದು ಹದಿನೈದರಾಚೆಗಿನವರಿಗೆ.

ಸೆಪ್ಟೆಂಬರ್ ಒಂದರಿಂದ ಹೊಸ ವರ್ಷದ ಪಾಠಗಳು ಅಂತರಜಾಲದ ಮೂಲಕವೇ ಆರಂಭವಾದವು. ಅಧ್ಯಾಪಕರು ಮೊದಲ ದಿನ ಸಮ್ಮೇಳನದಲ್ಲಿ ಕಲಿತಂತೆಯೇ ಎಲ್ಲವನ್ನೂ ಅಣಿಮಾಡಿಕೊಂಡು ಕುಳಿತರು. ಐವತ್ತೆರಡು ಮಂದಿಯ ತರಗತಿಯಲ್ಲಿ ಪರದೆಗೆ ಬಂದವರು ಹದಿನೇಳು. ಕೊನೆಯವರೆಗೆ ಉಳಿದವರು ಒಂಬತ್ತು. ಎರಡನೆಯ ವಾರ ಅವರು ಆ ಆಡಂಬರವನ್ನು ಕೈಬಿಟ್ಟರು. ಹಳಗನ್ನಡ ಕಾವ್ಯಕ್ಕೆ ಮುಖವೇಕೆ ಬೇಕು? ಕಿವಿಗೆಂದೇ ಹುಟ್ಟಿದ್ದಲ್ಲವೆ ಅದು? ಬೆಳಗಿನ ಜಾವ, ಬೀದಿಯ ಸದ್ದು ಏಳುವುದಕ್ಕೆ ಮುನ್ನ, ಹನ್ನೆರಡು ನಿಮಿಷದ ಪಾಠವೊಂದನ್ನು ಧ್ವನಿಯಲ್ಲಿ ಮುದ್ರಿಸಿ ವಾಟ್ಸ್‌ಆ್ಯಪಿನಲ್ಲಿ ಕಳುಹಿಸತೊಡಗಿದರು. ಅದರ ಭಾರ ಎರಡು ಮೂರು ಎಂ.ಬಿ. ಮಾತ್ರ. ಗುಡ್ಡದ ಮೇಲೆ ಎರಡು ನಿಮಿಷ ಸಿಗ್ನಲ್ ಸಿಕ್ಕರೂ ಇಳಿದು ಬರುವುದು. ರಾತ್ರಿ ಹತ್ತಕ್ಕೆ ಕೇಳಬಹುದು, ಮರುದಿನ ಮತ್ತೆ ಕೇಳಬಹುದು. ಎಂದೋ ರುದ್ರಪಟ್ಟಣದ ವಿದ್ವಾಂಸರು ಬಾನುಲಿಯಲ್ಲಿ ಮಾಡಿದ್ದನ್ನೇ ಇವರು ಫೋನಿನಲ್ಲಿ ಮಾಡಿದರೆನ್ನಬಹುದು.

ಆದರೆ ವಾಟ್ಸ್‌ಆ್ಯಪಿನಲ್ಲಿ ಒಂದು ಸೂಕ್ಷ್ಮವಿದೆ. ಒಬ್ಬರಿಗೇ ಕಳುಹಿಸಿದ ಸಂದೇಶ ಅವರ ಫೋನನ್ನು ಮುಟ್ಟಿದರೆ ಅದರ ಕೆಳಗೆ ಎರಡು ಗೀಟುಗಳು ಬೀಳುವುವು. ಮುಟ್ಟದಿದ್ದರೆ ಒಂದೇ ಗೀಟು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕಳುಹಿಸುತ್ತಿದ್ದ ಅಧ್ಯಾಪಕರಿಗೆ ಆ ಗೀಟೇ ಹಾಜರಿ ಪುಸ್ತಕವಾಯಿತು. ಮಲ್ಲಿಪಟ್ಟಣದ ಆ ಹುಡುಗಿಯ ಹೆಸರಿನ ಮುಂದೆ ಹದಿನೆಂಟು ದಿನ ಒಂದೇ ಗೀಟು. ತರಗತಿಯಲ್ಲಿ ಮೂರನೆಯ ಸಾಲಿನಲ್ಲಿ ಕುಳಿತು, ಕೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದವಳು. ಅಧ್ಯಾಪಕರು ಅವಳ ಗೆಳತಿಯೊಬ್ಬಳಿಗೆ ಫೋನು ಮಾಡಿದರು. ರೀಚಾರ್ಜಿನ ಅವಧಿ ಮುಗಿದಿತ್ತು. ತಂದೆಯ ಕೂಲಿ ನಿಂತಿತ್ತು. ಹುಡುಗಿ ದಿನವಿಡೀ ಹೊಗೆಸೊಪ್ಪಿನ ಎಲೆಗಳನ್ನು ಕಡ್ಡಿಗೆ ಪೋಣಿಸುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ಗಂಡು ನೋಡುವ ಮಾತೂ ಎದ್ದಿತ್ತು. ಕಾಲೇಜೇ ಇಲ್ಲವೆಂದ ಮೇಲೆ ಹುಡುಗಿಯನ್ನು ಏಕೆ ಇಟ್ಟುಕೊಳ್ಳಬೇಕೆಂದು ಹಿರಿಯರ ವಾದ.

ಆ ಸಾಯಂಕಾಲ ಅಧ್ಯಾಪಕರು ಯಾವ ಸಮ್ಮೇಳನವೂ ಹೇಳಿಕೊಡದಿದ್ದ ಕೆಲಸವನ್ನು ಮಾಡಿದರು. ಪಾಠಗಳ ಟಿಪ್ಪಣಿಯನ್ನು ಕಾಗದದ ಮೇಲೆ ಅಚ್ಚುಹಾಕಿಸಿ, ಮರುದಿನ ಮುಖಕ್ಕೆ ಮುಸುಕು ಕಟ್ಟಿಕೊಂಡು, ಸ್ಕೂಟರಿನಲ್ಲಿ ಮಲ್ಲಿಪಟ್ಟಣದ ಹಾದಿ ಹಿಡಿದರು. ಜಗುಲಿಯಿಂದ ಆರಡಿ ದೂರದಲ್ಲಿ ನಿಂತು ಹುಡುಗಿಯ ತಂದೆಯೊಡನೆ ಮಾತನಾಡಿದರು. 'ಕಾಲೇಜು ಮುಚ್ಚಿಲ್ಲ, ಕಟ್ಟಡ ಮಾತ್ರ ಮುಚ್ಚಿದೆ' ಎಂದು ಅವರು ಹೇಳಿದ ಮಾತಿಗೆ ತಂದೆ ಒಡನೆಯೇ ಉತ್ತರ ಕೊಡಲಿಲ್ಲ. ಒಳಗಿನಿಂದ ಮಜ್ಜಿಗೆಯ ಲೋಟ ಬಂದಿತು. ಅದನ್ನು ಕುಡಿದಾದ ಮೇಲೆ ತಂದೆ ಕೇಳಿದ್ದು ಒಂದೇ ಮಾತು: 'ಪರೀಕ್ಷೆ ನಡೆಯುವುದು ಖಂಡಿತವೆ, ಸ್ವಾಮಿ?' ನಡೆಯುವುದೆಂದು ಅಧ್ಯಾಪಕರು ಆಶ್ವಾಸನವಿತ್ತರು. ಆ ಮಾತು ಕೊಡುವ ಅಧಿಕಾರ ಅವರಿಗಿರಲಿಲ್ಲವೆಂಬುದು ಬೇರೆ ವಿಷಯ.

ಆ ವರ್ಷ ಈ ಬುದ್ಧಿ ಹೊಳೆದದ್ದು ಒಬ್ಬರಿಗಲ್ಲ. 2020ರ ಆಗಸ್ಟಿನಲ್ಲಿ ರಾಜ್ಯದ ಶಾಲಾ ಶಿಕ್ಷಣ ಇಲಾಖೆ 'ವಿದ್ಯಾಗಮ'ವೆಂಬ ಯೋಜನೆಯನ್ನು ತಂದಿತು. ಯಾವ ಮಗುವಿನ ಮನೆಯಲ್ಲಿ ಸ್ಮಾರ್ಟ್‌ಫೋನಿದೆ, ಯಾವ ಮನೆಯಲ್ಲಿ ಸಾಮಾನ್ಯ ಫೋನಿದೆ, ಯಾವ ಮನೆಯಲ್ಲಿ ಏನೂ ಇಲ್ಲ ಎಂದು ಮೊದಲು ವಿಂಗಡಿಸಿ, ಬಳಿಕ ಶಿಕ್ಷಕರು ಊರೂರಿಗೆ ಹೋಗಿ ಗುಡಿಯ ಜಗುಲಿಯಲ್ಲಿ, ಮರದ ನೆರಳಿನಲ್ಲಿ ಮಕ್ಕಳನ್ನು ಕೂರಿಸಿ ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು, ಭಯ ಅಕಾರಣವಾಗಿರಲಿಲ್ಲ. ಆದರೂ ಆ ಯೋಜನೆಯ ಮೊದಲ ಹೆಜ್ಜೆ ಸರಿಯಾದದ್ದು: ಸಾಧನವನ್ನು ಆರಿಸುವ ಮುನ್ನ ಮಕ್ಕಳನ್ನು ಎಣಿಸುವುದು.

ಇನ್ನೊಂದು ಮಾತನ್ನೂ ಆಡದೆ ಬಿಡಬಾರದು. ಉಚಿತ ಸಮ್ಮೇಳನಗಳಲ್ಲಿ ಕುಳಿತವರೆಲ್ಲರೂ ತಿಂಗಳ ಸಂಬಳದವರಲ್ಲ. ಸರ್ಕಾರಿ ಪದವಿ ಕಾಲೇಜುಗಳ ಪಾಠದ ದೊಡ್ಡ ಭಾರವನ್ನು ಹೊತ್ತಿರುವ ಸಾವಿರಾರು ಅತಿಥಿ ಉಪನ್ಯಾಸಕರು ಲಾಕ್‌ಡೌನಿನ ತಿಂಗಳುಗಳ ಗೌರವಧನಕ್ಕಾಗಿ ಮನವಿಯ ಮೇಲೆ ಮನವಿ ಕೊಟ್ಟರು. ಅವರೂ ಅದೇ ಪರದೆಯ ಮುಂದೆ ಕುಳಿತು ಅದೇ ವಿದ್ಯೆಯನ್ನು ಕಲಿತರು. 'ಅತಿಥಿ' ಎಂದು ಕರೆದು ಬಾಗಿಲಲ್ಲಿಯೇ ನಿಲ್ಲಿಸಿದ್ದರ ನಡುವೆಯೂ ಕಲಿತರೆಂಬುದನ್ನು ಮರೆಯಬಾರದು. ಪ್ರವೇಶ ಉಚಿತವೆಂದು ಬರೆದ ಕರೆಯೋಲೆಯಲ್ಲಿ ಫೋನಿನ ಬೆಲೆ, ಡೇಟಾದ ಬೆಲೆ, ಕೂಲಿಯಿಲ್ಲದ ದಿನಗಳ ಬೆಲೆ ಬರೆದಿರಲಿಲ್ಲ. ಉಚಿತವಾದದ್ದನ್ನು ಪಡೆಯುವುದಕ್ಕೂ ಯಾರೋ ಎಲ್ಲಿಯೋ ಹಣ ತೆರುತ್ತಿರುತ್ತಾರೆ.

ನವೆಂಬರ್ 17ರಂದು ಕಾಲೇಜು ತೆರೆದಾಗ, ಬರುವವರು ಪೋಷಕರ ಒಪ್ಪಿಗೆಯ ಪತ್ರವನ್ನೂ ಸೋಂಕಿಲ್ಲವೆಂಬ ಪರೀಕ್ಷಾ ವರದಿಯನ್ನೂ ತರಬೇಕಾಗಿತ್ತು. ಮೊದಲ ದಿನ ಬಂದವರು ಬೆರಳೆಣಿಕೆಯವರು. ಹುಡುಗಿ ಬಂದದ್ದು ಎರಡನೆಯ ವಾರ. ಬೆರಳುಗಳಲ್ಲಿ ಹೊಗೆಸೊಪ್ಪಿನ ಕಂದು ಬಣ್ಣ ಇನ್ನೂ ಪೂರ್ಣವಾಗಿ ಹೋಗಿರಲಿಲ್ಲ. ಅಧ್ಯಾಪಕರು ಹಾಜರಿ ಕರೆದರು. ಅವಳು 'ಬಂದಿದ್ದೇನೆ, ಸಾರ್' ಎಂದಳು. ಅವರು ತಲೆಯೆತ್ತಲಿಲ್ಲ; ಹೆಸರಿನ ಮುಂದೆ ಗುರುತು ಹಾಕಿ ಮುಂದಿನ ಹೆಸರನ್ನು ಕರೆದರು.

ಅನಂತರ ಸರ್ಕಾರ ಹಲವು ಏರ್ಪಾಡುಗಳನ್ನು ಮಾಡಿತು. 2021ರ ಫೆಬ್ರವರಿಯಲ್ಲಿ ಸರ್ಕಾರಿ ಪದವಿ ಕಾಲೇಜು, ಪಾಲಿಟೆಕ್ನಿಕ್ ಮತ್ತು ಎಂಜಿನಿಯರಿಂಗ್ ಕಾಲೇಜುಗಳಿಗೆ ಒಂದೇ ಕಲಿಕಾ ನಿರ್ವಹಣಾ ವ್ಯವಸ್ಥೆ ಬಂದಿತು. ಜೂನಿನಲ್ಲಿ ಸುಮಾರು ಒಂದೂವರೆ ಲಕ್ಷ ವಿದ್ಯಾರ್ಥಿಗಳಿಗೆ ಟ್ಯಾಬ್ಲೆಟ್ ಹಂಚುವ ಕಾರ್ಯ ನಡೆಯಿತು. ಎರಡನೆಯ ಅಲೆಗೆ ಮುಚ್ಚಿದ ಪದವಿ ಕಾಲೇಜುಗಳು 2021ರ ಜುಲೈ 26ರಂದು ಮತ್ತೆ ತೆರೆದವು. ಅದೇ ವರ್ಷದ ನಿಯಮಾವಳಿಯಲ್ಲಿ ಧನಸಹಾಯ ಆಯೋಗವು 'ಸ್ವಯಂ' ವೇದಿಕೆಯ ಮೂಲಕ ನೂರಕ್ಕೆ ನಲವತ್ತರವರೆಗೆ ಕ್ರೆಡಿಟ್ ಗಳಿಸಲು ಅವಕಾಶವಿತ್ತಿತು. ಎಂದರೆ, ಸೋಂಕು ಹೋದರೂ ದೂರಬೋಧನೆ ಹೋಗಲಿಲ್ಲ. ಅಧ್ಯಾಪಕರನ್ನು ಅದಕ್ಕೆ ಸಿದ್ಧಗೊಳಿಸುವ ಉಚಿತ ಸಮ್ಮೇಳನಗಳು ಮುಂದೆಯೂ ಬೇಕು. ನಡೆಸುವವರಿಗೆ ನಾಡು ಕೃತಜ್ಞವಾಗಿರಬೇಕು. ಆದರೆ ಯಾವ ಗುಂಡಿಯನ್ನು ಎಲ್ಲಿ ಒತ್ತಬೇಕೆಂದು ಹೇಳಿಕೊಡುವ ಮೊದಲ ಗೋಷ್ಠಿಗೂ ಮುನ್ನ ಅರ್ಧ ಗಂಟೆಯ ಇನ್ನೊಂದು ಗೋಷ್ಠಿ ಇರುವುದು ಲೇಸು. ಅದರಲ್ಲಿ ಪ್ರತಿಯೊಬ್ಬ ಅಧ್ಯಾಪಕರೂ ತಮ್ಮ ಹಾಜರಿ ಪುಸ್ತಕವನ್ನು ತೆರೆದು, ಯಾರ ಹೆಸರಿನ ಮುಂದೆ ಒಂದೇ ಗೀಟು ಬೀಳುವ ಸಂಭವವಿದೆಯೆಂದು ಬರೆದುಕೊಂಡರೆ ಸಾಕು. ಉಳಿದದ್ದನ್ನು ಕಲಿಯುವುದಕ್ಕೆ ಮನೆಯ ಮಕ್ಕಳ ಸಹಾಯ ಇದ್ದೇ ಇರುತ್ತದೆ.